ನಕ್ಷೆ ಮಾಡಿದ್ದಾಯ್ತು, ಇನ್ನು ಅದನ್ನು ನೋಡಿಕೊಳ್ಳುವುದು ಹೇಗೆ?

ಕೆಲಸಕ್ಕೆ ಸೇರಿದ ಮೊದಲ ದಿನ ನನ್ನ ಕೈಗೆ ಒಂದು ಪೆನ್‌ಡ್ರೈವ್ ಕೊಟ್ಟರು. ಊರಿನ ನೀರಿನ ಪೈಪ್‌ಲೈನ್, ವಾಲ್ವ್, ಓವರ್‌ಹೆಡ್ ಟ್ಯಾಂಕ್, ಬೋರ್‌ವೆಲ್ ಎಲ್ಲ ಅದರಲ್ಲಿದೆ, ಇನ್ನು ಮೇಲೆ ನೀವೇ ನೋಡಿಕೊಳ್ಳಿ ಅಂದರು. ಕೋಲಾರದ ಕಡೆಯ ಸಣ್ಣ ಊರು ಅದು. ತೆರೆದು ನೋಡಿದರೆ ‘ವಾಲ್ವ್’, ‘ವಾಲ್ವ್ ಹೊಸದು’, ‘ವಾಲ್ವ್ ಫೈನಲ್’, ‘ವಾಲ್ವ್ ಫೈನಲ್ 2’ ಅಂತ ನಾಲ್ಕು ಫೈಲು. ನಾಲ್ಕರಲ್ಲೂ ವಾಲ್ವ್‌ಗಳ ಲೆಕ್ಕ ಬೇರೆ ಬೇರೆ. ಮಾಡಿಕೊಟ್ಟ ಏಜೆನ್ಸಿಯವರು ಬಿಲ್ ತೆಗೆದುಕೊಂಡು ಹೋಗಿ ಎರಡು ವರ್ಷವಾಗಿತ್ತು.

ಜಿಐಎಸ್ (ಕಂಪ್ಯೂಟರಿನಲ್ಲಿ ನಕ್ಷೆಯನ್ನೂ ಅದರ ಮಾಹಿತಿಯನ್ನೂ ಇಡುವ ವ್ಯವಸ್ಥೆ) ಕೋರ್ಸುಗಳಲ್ಲಿ ನಕ್ಷೆ ಮಾಡುವುದನ್ನು ಕಲಿಸುತ್ತಾರೆ. ಆದರೆ ಆಫೀಸಿನಲ್ಲಿ ದಿನವೂ ಬೀಳುವ ಕೆಲಸ ಅದಲ್ಲ. ಯಾರೋ ಮಾಡಿಟ್ಟ ಡೇಟಾ ಕೆಡದಂತೆ ನೋಡಿಕೊಳ್ಳುವುದು, ರಸ್ತೆ ಅಗೆದಾಗಲೆಲ್ಲ ಅದನ್ನು ಸರಿಮಾಡುವುದು, ಹತ್ತು ಜನ ಹತ್ತು ರೀತಿ ಕೇಳಿದಾಗ ಒಂದೇ ಉತ್ತರ ಬರುವ ಹಾಗೆ ಇಡುವುದು. ನಾನು ಪೆಟ್ಟು ತಿಂದು ಕಲಿತದ್ದನ್ನು ಕೆಲಸ ಸಾಗುವ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ. ಉದಾಹರಣೆಗೆ ದುಡ್ಡು ಕೊಡಬೇಕಿಲ್ಲದ ಕ್ಯೂಜಿಐಎಸ್ ಇಟ್ಟುಕೊಂಡಿದ್ದೇನೆ. ಬೇರೆ ಸಾಫ್ಟ್‌ವೇರ್ ಬಳಸುವವರಿಗೂ ತಕರಾರುಗಳು ಇವೇ.

ಮೊದಲ ದಿನ: ಮುಟ್ಟಬೇಡಿ, ನೋಡಿ

ಕೈಗೆ ಬಂದ ಫೈಲುಗಳನ್ನು ‘ಮೂಲ’ ಅಂತ ಒಂದು ಫೋಲ್ಡರಿಗೆ ಹಾಕಿ ರೀಡ್ ಓನ್ಲಿ ಮಾಡಿಬಿಡಿ. ಕೆಲಸ ಯಾವತ್ತೂ ಪ್ರತಿಯ ಮೇಲೆ ಮಾತ್ರ. ಆಮೇಲೆ ಒಂದೊಂದು ಲೇಯರಿಗೂ (ವಾಲ್ವ್‌ಗಳದ್ದೊಂದು, ಪೈಪ್‌ಗಳದ್ದೊಂದು, ಹೀಗೆ ನಕ್ಷೆಯ ಪದರಗಳು) ನಾಲ್ಕು ಪ್ರಶ್ನೆ ಕೇಳಿ ಬರೆದಿಟ್ಟುಕೊಳ್ಳಿ: ಯಾರು ಮಾಡಿದ್ದು, ಯಾವಾಗ, ಯಾವುದನ್ನು ನೋಡಿ ಮಾಡಿದ್ದು, ಎಷ್ಟು ಕರಾರುವಾಕ್ಕು. ಸ್ಯಾಟಲೈಟ್ ಚಿತ್ರದ ಮೇಲೆ ಕೂತಲ್ಲೇ ಗೆರೆ ಎಳೆದದ್ದಕ್ಕೂ ಬೀದಿಯಲ್ಲಿ ನಡೆದು ಜಿಪಿಎಸ್ ಹಿಡಿದದ್ದಕ್ಕೂ ಬಹಳ ವ್ಯತ್ಯಾಸವಿದೆ. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಅದೇ ಕಷ್ಟ.

ಹೆಚ್ಚಿನ ಕಡೆ ಸಿಗುವುದು ಶೇಪ್‌ಫೈಲ್. ಅದು ಒಂದು ಫೈಲಲ್ಲ, ಒಂದು ಕುಟುಂಬ. ಆಕಾರ ಎಸ್‌ಎಚ್‌ಪಿಯಲ್ಲಿ, ಟೇಬಲ್ ಡಿಬಿಎಫ್‌ನಲ್ಲಿ, ಸೂಚಿ ಎಸ್‌ಎಚ್‌ಎಕ್ಸ್‌ನಲ್ಲಿ, ಪ್ರೊಜೆಕ್ಷನ್ (ದುಂಡನೆಯ ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸಿದ ಲೆಕ್ಕ) ಪಿಆರ್‌ಜೆಯಲ್ಲಿ. ಯಾರಾದರೂ ವಾಟ್ಸಾಪ್‌ನಲ್ಲಿ ಎಸ್‌ಎಚ್‌ಪಿ ಒಂದನ್ನೇ ಕಳಿಸಿ ‘ಓಪನ್ ಆಗ್ತಿಲ್ಲ ನೋಡಿ’ ಅಂದರೆ ಕಾರಣ ಇದೇ. ಎಲ್ಲವನ್ನೂ ಜಿಪ್ ಮಾಡಿ ಕಳಿಸಿ ಅನ್ನಿ.

ಕೆಲಸದ ಪ್ರತಿಯನ್ನು ಜಿಯೋಪ್ಯಾಕೇಜ್‌ಗೆ ಬದಲಾಯಿಸಿಕೊಳ್ಳಿ. ಒಂದೇ ಫೈಲಿನಲ್ಲಿ ಎಷ್ಟು ಲೇಯರ್ ಬೇಕಾದರೂ ಹಿಡಿಯುತ್ತದೆ. ಒಂದು ಎಚ್ಚರಿಕೆ ಮಾತ್ರ ಇದೆ. ಕ್ಯೂಜಿಐಎಸ್‌ನಲ್ಲಿ ಅದು ತೆರೆದಿರುವಾಗ ಪಕ್ಕದಲ್ಲಿ ಡಬ್ಲ್ಯುಎಎಲ್, ಎಸ್‌ಎಚ್‌ಎಂ ಅಂತ ಕೊನೆಯಾಗುವ ಎರಡು ಫೈಲು ಹುಟ್ಟುತ್ತವೆ. ಈಗಷ್ಟೇ ಮಾಡಿದ ಬದಲಾವಣೆ ಡಬ್ಲ್ಯುಎಎಲ್‌ನಲ್ಲಿ ಕೂತಿರಬಹುದು. ಆ ಹೊತ್ತಿನಲ್ಲಿ ಮುಖ್ಯ ಫೈಲನ್ನು ಮಾತ್ರ ಕಾಪಿ ಮಾಡಿದರೆ ಮಧ್ಯಾಹ್ನದ ಕೆಲಸ ಪೂರ್ತಿ ಹೋಗಬಹುದು. ಮೊದಲು ಕ್ಯೂಜಿಐಎಸ್ ಮುಚ್ಚಿ, ಆಮೇಲೆ ಕಾಪಿ ಮಾಡಿ.

ವಾಲ್ವ್‌ಗಳೆಲ್ಲ ಅರಬ್ಬಿ ಸಮುದ್ರಕ್ಕೆ

ಈ ಭಾಗವನ್ನು ನಿಧಾನವಾಗಿ ಓದಿ. ಡೇಟಾ ಹಾಳಾಗುವುದು ಹೆಚ್ಚಾಗಿ ಇಲ್ಲೇ.

ಜಿಪಿಎಸ್ ಕೊಡುವುದು ಡಿಗ್ರಿಯಲ್ಲಿ, ಅಂದರೆ ಡಬ್ಲ್ಯುಜಿಎಸ್ 84 ಅನ್ನುವ ಪದ್ಧತಿಯಲ್ಲಿ. ಇಂಥ ಪದ್ಧತಿಗಳಿಗೆ ಒಂದೊಂದು ಇಪಿಎಸ್‌ಜಿ ಸಂಖ್ಯೆ ಇರುತ್ತದೆ, ಇದರದ್ದು 4326. ಮೀಟರಿನಲ್ಲಿ ಅಳೆಯಬೇಕಾದರೆ ಯುಟಿಎಂ ಬಳಸುತ್ತೇವೆ. ಯುಟಿಎಂನಲ್ಲಿ ಭೂಮಿಯನ್ನು 6 ಡಿಗ್ರಿ ಅಗಲದ ಪಟ್ಟಿಗಳಾಗಿ ಹಂಚಿದ್ದಾರೆ. 72ರಿಂದ 78 ಡಿಗ್ರಿ ರೇಖಾಂಶದವರೆಗೆ 43ನೇ ವಲಯ, 78ರಿಂದ 84ರವರೆಗೆ 44ನೇ ವಲಯ. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಕಲಬುರಗಿ ಎಲ್ಲ 43ರಲ್ಲಿ ಬರುತ್ತವೆ. ಆದ್ದರಿಂದ ಕರ್ನಾಟಕ ಅಂದರೆ 43 ಅಂತ ನಮ್ಮಲ್ಲಿ ಬಾಯಿಪಾಠ. ಆದರೆ ಕೋಲಾರ, ಕೆಜಿಎಫ್, ಮುಳಬಾಗಿಲು 78 ಡಿಗ್ರಿ ದಾಟಿ ಪೂರ್ವಕ್ಕಿವೆ. ಅವು 44ನೇ ವಲಯ.

ನಮ್ಮ ಏಜೆನ್ಸಿಯವರು ಸರಿಯಾಗಿಯೇ 44ರಲ್ಲಿ ಮಾಡಿದ್ದರು. ಪಿಆರ್‌ಜೆ ಫೈಲು ಮಾತ್ರ ಎಲ್ಲೋ ಕಳೆದುಹೋಗಿತ್ತು. ನಾನು ಬಾಯಿಪಾಠದಂತೆ 43 ಅಂತ ಕೊಟ್ಟೆ. ಊರಿನ ವಾಲ್ವ್‌ಗಳೆಲ್ಲ ಸುಮಾರು 650 ಕಿಲೋಮೀಟರ್ ಪಶ್ಚಿಮಕ್ಕೆ ಹೋಗಿ ಅರಬ್ಬಿ ಸಮುದ್ರದ ಮಧ್ಯೆ ಕೂತವು. ಅಷ್ಟು ದೂರ ಹೋದದ್ದೇ ಒಳ್ಳೆಯದಾಯಿತು, ಕಣ್ಣಿಗೆ ಬಿತ್ತು. ಹತ್ತು ಮೀಟರ್ ಸರಿದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಇಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಲೇಯರಿನ ಸಿಆರ್‌ಎಸ್ (ಅಂಕಿಗಳು ಯಾವ ಪದ್ಧತಿಯವು ಅನ್ನುವ ಗುರುತು) ‘ಸೆಟ್’ ಮಾಡುವುದು ಅಂದರೆ ಸುಮ್ನೆ ಚೀಟಿ ಅಂಟಿಸುವುದು, ಅಂಕಿ ಬದಲಾಗುವುದಿಲ್ಲ. ‘ರೀಪ್ರೊಜೆಕ್ಟ್’ ಮಾಡುವುದು ಅಂದರೆ ಅಂಕಿಗಳನ್ನೇ ಲೆಕ್ಕ ಹಾಕಿ ಬದಲಾಯಿಸುವುದು. ಚೀಟಿ ಕಳೆದುಹೋಗಿದ್ದರೆ, ಇಲ್ಲವೇ ತಪ್ಪಾಗಿದ್ದರೆ ಸೆಟ್ ಮಾಡಿ. ಬೇರೆ ಪ್ರೊಜೆಕ್ಷನ್‌ನಲ್ಲಿ ಬೇಕಾದರೆ ರೀಪ್ರೊಜೆಕ್ಟ್ ಮಾಡಿ. ಡಿಗ್ರಿಯಲ್ಲಿರುವ ಲೇಯರಿಗೆ ಯುಟಿಎಂ ಅಂತ ಚೀಟಿ ಅಂಟಿಸುವುದು, ಪಹಣಿಯಲ್ಲಿ ‘20 ಗುಂಟೆ’ ಅಂತಿರುವುದನ್ನು ಹೊಡೆದುಹಾಕಿ ‘20 ಎಕರೆ’ ಅಂತ ಬರೆದ ಹಾಗೆ. ಬರೆದ ಮಾತ್ರಕ್ಕೆ ಜಮೀನು ದೊಡ್ಡದಾಗುತ್ತದಾ?

ಗುಂಟೆ ಅಂದಮೇಲೆ ನೆನಪಾಯಿತು. ಪ್ರೊಜೆಕ್ಷನ್ ಸರಿಯಿದೆಯಾ ಅಂತ ನೋಡುವುದಕ್ಕೆ ಅದಕ್ಕಿಂತ ಒಳ್ಳೆಯ ಅಳತೆಗೋಲು ಇಲ್ಲ. ಒಂದು ಗುಂಟೆ ಅಂದರೆ 33 ಅಡಿಗೆ 33 ಅಡಿ, ಅಂದರೆ 1,089 ಚದರ ಅಡಿ, ಸುಮಾರು 101 ಚದರ ಮೀಟರ್. ಎಕರೆಗೆ 40 ಗುಂಟೆ. ಪಹಣಿಯಲ್ಲಿ 1 ಎಕರೆ 20 ಗುಂಟೆ ಇರುವ ಜಾಗದ ಪಾಲಿಗನ್ (ಗಡಿ ಸುತ್ತಿ ಎಳೆದ ಆಕಾರ) ನಕ್ಷೆಯಲ್ಲಿ 6,070 ಚದರ ಮೀಟರ್ ಆಸುಪಾಸು ಬರಬೇಕು. 0.0000005 ಅಂತ ಬಂದರೆ ನೀವು ಡಿಗ್ರಿಯಲ್ಲಿ ವಿಸ್ತೀರ್ಣ ಅಳೆಯುತ್ತಿದ್ದೀರಿ ಅಂತ ಅರ್ಥ.

ಇನ್ನೆರಡು ಮಾಮೂಲಿ ತಪ್ಪುಗಳಿವೆ. ಅಕ್ಷಾಂಶ, ರೇಖಾಂಶ ಅದಲು ಬದಲಾಗುವುದು ಒಂದು. ಬೆಂಗಳೂರಿನ 12.97, 77.59 ತಿರುಗಿಬಿಟ್ಟರೆ ಪಾಯಿಂಟ್ ಹೋಗಿ ಉತ್ತರ ಧ್ರುವದ ಕಡೆ, ನಾರ್ವೆಗೆ ಸೇರಿದ ಸ್ವಾಲ್‌ಬಾರ್ಡ್ ದ್ವೀಪಗಳ ಹತ್ತಿರ ಬೀಳುತ್ತದೆ. ಇನ್ನೊಂದು, 12 ಡಿಗ್ರಿ 58 ನಿಮಿಷವನ್ನು 12.58 ಅಂತ ಬರೆಯುವುದು. ಡಿಗ್ರಿಗೆ 60 ನಿಮಿಷ, ಆದ್ದರಿಂದ ಅದು 12.967 ಆಗಬೇಕು. ಈ ಒಂದು ತಪ್ಪಿಗೆ 40 ಕಿಲೋಮೀಟರಿಗಿಂತ ಜಾಸ್ತಿ ವ್ಯತ್ಯಾಸ.

ಕನ್ನಡದ ಹೆಸರು, ಕನ್ನಡದ ತೊಂದರೆ

ಇಂಗ್ಲಿಷ್ ಪಾಠಗಳಲ್ಲಿ ಇದು ಸಿಗುವುದಿಲ್ಲ. ಸರ್ಕಾರಿ ಕಡತದಲ್ಲಿ ಊರು, ಬೀದಿ ಹೆಸರುಗಳು ಕನ್ನಡದಲ್ಲೇ ಇರುತ್ತವೆ. ಅವನ್ನು ಟೇಬಲ್‌ಗೆ ತಂದಾಗ ಶುರುವಾಗುತ್ತದೆ ಆಟ.

ಶೇಪ್‌ಫೈಲಿನ ಟೇಬಲ್‌ನಲ್ಲಿ ಒಂದು ಖಾನೆಗೆ 254 ಬೈಟ್ ಮಾತ್ರ ಜಾಗ. ಇಂಗ್ಲಿಷಿಗೆ ಅದು ಸಾಕು. ಕಂಪ್ಯೂಟರಿನಲ್ಲಿ ಅಕ್ಷರ ಉಳಿಸುವ ಯುಟಿಎಫ್ 8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು, ಒತ್ತು, ಕೊಂಬು, ದೀರ್ಘ ಎಲ್ಲ ಬೇರೆ ಬೇರೆ ಲೆಕ್ಕ. ಹಾಗಾಗಿ ಸಿಗುವುದು 84 ಚಿಹ್ನೆ. ಉದ್ದನೆಯ ವಿಳಾಸ ಅರ್ಧಕ್ಕೇ ತುಂಡಾಗುತ್ತದೆ. ಕಾಲಂ ಹೆಸರಿಗೆ ಇರುವುದು ಬರೀ 10 ಬೈಟ್. ‘ವಾರ್ಡ್’ ಅನ್ನುವ ಪದಕ್ಕೇ 18 ಬೈಟ್ ಬೇಕಲ್ಲ! ಜಿಯೋಪ್ಯಾಕೇಜ್‌ಗೆ ಹೋಗಿ ಅಂದದ್ದಕ್ಕೆ ಇದೂ ಒಂದು ಕಾರಣ.

ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ್ದು ನೋಡಲು ಕನ್ನಡ, ಕಂಪ್ಯೂಟರಿನ ಪಾಲಿಗೆ ಅದು ಇಂಗ್ಲಿಷ್ ಅಕ್ಷರಗಳ ಗೋಜಲು. ಅಂಥದ್ದು ಸಿಕ್ಕರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ. ಬದಲಾದ ಮೇಲೆ ಒಂದಷ್ಟು ಹೆಸರನ್ನು ಕಣ್ಣಿಂದ ಓದಿ ನೋಡಿ, ಅರ್ಕಾವತ್ತು ಇರುವ ಕಡೆ ಎಡವಟ್ಟು ಆಗಿರುವುದುಂಟು.

ಯೂನಿಕೋಡ್ ಆದಮೇಲೂ ನೆಮ್ಮದಿಯಿಲ್ಲ. ‘ಬಂಗಾರಪೇಟೆ’ ಮತ್ತು ‘ಬ೦ಗಾರಪೇಟೆ’ ಎರಡನ್ನೂ ನೋಡಿ. ಒಂದೇ ಅಲ್ವಾ? ಅಲ್ಲ. ಎರಡನೆಯದರಲ್ಲಿ ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಅಂಕಿ ಕೂತಿದೆ. ಹಾಗೆಯೇ ‘ಕೋ’ ಅಕ್ಷರದ ಗುಣಿತವನ್ನು ಒಂದೇ ಚಿಹ್ನೆಯಾಗಿಯೂ ಇಡಬಹುದು, ಮೂರು ತುಂಡಾಗಿಯೂ ಇಡಬಹುದು. ಕಣ್ಣಿಗೆ ಒಂದೇ, ಟೇಬಲ್ ಜೋಡಿಸುವಾಗ ಎರಡು ಬೇರೆ ಊರು. ತುಂಡುಗಳನ್ನು ಒಂದು ಮಾಡುವುದಕ್ಕೆ ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಎನ್‌ಎಫ್‌ಸಿ ನಾರ್ಮಲೈಸೇಶನ್ ಅಂತಿದೆ, ಒಂದೆರಡು ಸಾಲಿನ ಕೆಲಸ. ಸೊನ್ನೆಯನ್ನು ಮಾತ್ರ ನೀವೇ ಹುಡುಕಿ ಬದಲಾಯಿಸಬೇಕು.

ಇದಕ್ಕೆಲ್ಲ ಒಳ್ಳೆಯ ಮದ್ದು ಹೆಸರಿನಿಂದ ಟೇಬಲ್ ಜೋಡಿಸದೇ ಇರುವುದು. ಹೊಸಹಳ್ಳಿ ಅಂತ ಎಷ್ಟು ಊರಿಲ್ಲ ನಮ್ಮಲ್ಲಿ! 2014ರ ನವೆಂಬರ್ 1ರಂದು ಬೆಳಗಾವಿ, ಕಲಬುರಗಿ ಅಂತ ಅಧಿಕೃತ ಹೆಸರು ಬದಲಾದಾಗ ಹೆಸರು ನಂಬಿದ ಟೇಬಲ್‌ಗಳು ಕೈಕೊಟ್ಟವು. ಗ್ರಾಮಗಳಿಗೆ ಕೇಂದ್ರ ಸರ್ಕಾರದ ಎಲ್‌ಜಿಡಿ (ಲೋಕಲ್ ಗವರ್ನಮೆಂಟ್ ಡೈರೆಕ್ಟರಿ) ಕೋಡ್ ಇದೆ, ಅದನ್ನು ಬಳಸಿ.

ಎಕ್ಸೆಲ್ ಬಗ್ಗೆ ಒಂದು ಮಾತು. ಕೋಡ್‌ನ ಮುಂದಿರುವ ಸೊನ್ನೆಯನ್ನು ಅದು ನುಂಗುತ್ತದೆ. ಸರ್ವೆ ನಂಬರ್ 12/3 ಅಂತ ಇದ್ದರೆ ಮಾರ್ಚ್ 12 ಅಂತ ತಾರೀಕು ಮಾಡಿಬಿಡುತ್ತದೆ. ಸಿಎಸ್‌ವಿ (ಅಲ್ಪವಿರಾಮದಿಂದ ಕಾಲಂ ಬೇರೆ ಮಾಡಿದ ಟೇಬಲ್) ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆಯಬೇಡಿ. ಡೇಟಾ ಮೆನುವಿನಿಂದ ಒಳಗೆ ತಂದು, ಎನ್‌ಕೋಡಿಂಗ್ ಯುಟಿಎಫ್ 8 ಕೊಟ್ಟು, ಅಂಥ ಕಾಲಂಗಳನ್ನು ‘ಟೆಕ್ಸ್ಟ್’ ಅಂತ ಆರಿಸಿ.

ಪ್ರತಿ ವಸ್ತುವಿಗೂ ಒಂದು ನಂಬರ್

ಪ್ರತಿ ವಾಲ್ವ್‌ಗೂ ಒಂದು ಐಡಿ ಬೇಕು. ಒಮ್ಮೆ ಕೊಟ್ಟರೆ ಬದಲಾಗಬಾರದು, ಆ ವಾಲ್ವ್ ಹೋದರೂ ಅದೇ ನಂಬರನ್ನು ಇನ್ನೊಂದಕ್ಕೆ ಕೊಡಬಾರದು. ನಾನು ಜಾಣತನ ಮಾಡಿ ವಾರ್ಡ್ ಸಂಖ್ಯೆಯನ್ನೂ ಐಡಿಯೊಳಗೆ ಸೇರಿಸಿದ್ದೆ, ನೋಡಿದ ಕೂಡಲೇ ಜಾಗ ಗೊತ್ತಾಗಲಿ ಅಂತ. ವಾರ್ಡ್ ಗಡಿ ಬದಲಾಯಿತು, ಐಡಿಗಳೆಲ್ಲ ಸುಳ್ಳಾದವು. ಈಗ ಬರೀ ವಿ-0001, ವಿ-0002. ಅರ್ಥವಿಲ್ಲದ ನಂಬರೇ ಬಾಳಿಕೆ ಬರುವುದು.

ಉಳಿದ ಕಾಲಂಗಳಲ್ಲಿ ಕೈಯಿಂದ ಟೈಪ್ ಮಾಡುವ ಅವಕಾಶ ಆದಷ್ಟು ಕಡಿಮೆ ಮಾಡಿ. ಬಿಟ್ಟರೆ ಒಬ್ಬರು ‘ಚಾಲ್ತಿ’, ಇನ್ನೊಬ್ಬರು ‘ವರ್ಕಿಂಗ್’, ಮತ್ತೊಬ್ಬರು ‘ಓಕೆ’ ಅಂತ ಬರೆಯುತ್ತಾರೆ. ಲೇಯರ್ ಪ್ರಾಪರ್ಟೀಸ್‌ನ ಅಟ್ರಿಬ್ಯೂಟ್ಸ್ ಫಾರ್ಮ್‌ಗೆ ಹೋಗಿ ವ್ಯಾಲ್ಯೂ ಮ್ಯಾಪ್ ಹಾಕಿದರೆ ಪಟ್ಟಿಯಿಂದ ಆರಿಸುವುದಷ್ಟೇ ಸಾಧ್ಯ. ಅಲ್ಲೇ ಐಡಿಗೆ ‘ಖಾಲಿ ಬಿಡಬಾರದು’, ‘ಎರಡು ಸಲ ಬರಬಾರದು’ ಅಂತ ನಿರ್ಬಂಧ ಹಾಕಿ. ಪರಿಶೀಲಿಸಿದ ದಿನಾಂಕಕ್ಕೂ, ಪರಿಶೀಲಿಸಿದವರ ಹೆಸರಿಗೂ ಒಂದೊಂದು ಕಾಲಂ ಇರಲಿ. ಮುಂದೆ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಈ ಎರಡೇ.

ಬೀದಿಗೆ ಇಳಿಯಿರಿ

ನಾಲ್ಕು ಫೈಲುಗಳಲ್ಲಿ ಯಾವುದು ನಿಜ ಅನ್ನುವುದಕ್ಕೆ ಉತ್ತರ ಕಂಪ್ಯೂಟರಿನಲ್ಲಿ ಇರಲಿಲ್ಲ, ವಾಲ್ವ್‌ಮ್ಯಾನ್ ಹತ್ತಿರ ಇತ್ತು. ಇಪ್ಪತ್ತು ವರ್ಷದಿಂದ ಆ ಊರಿಗೆ ನೀರು ಬಿಡುತ್ತಿರುವವರು. ನಾನು ಟ್ಯಾಬ್ ತೋರಿಸಿ, ‘ಅಣ್ಣಾ, ಇಲ್ಲಿ ಒಂದು ವಾಲ್ವ್ ಇದೆಯಂತೆ’ ಅಂದೆ. ಅವರು ಟ್ಯಾಬ್ ನೋಡಲೇ ಇಲ್ಲ. ‘ಅದು ಮುಚ್ಚೋಗಿ ಮೂರು ವರ್ಷ ಆಯ್ತು ಮೇಡಂ. ಮೇಲೆ ಡಾಂಬರು ಹಾಕ್ಬಿಟ್ರು. ಇಲ್ಲಿ ಕೆಳಗೆ ಇನ್ನೊಂದೈತೆ, ಅದು ನಿಮ್ಮದ್ರಲ್ಲಿ ಐತಾ?’ ಇರಲಿಲ್ಲ.

ಹಾಗಾಗಿ ಒಂದು ಸೂತ್ರ ಮಾಡಿಕೊಂಡೆ. ಬೆಳಿಗ್ಗೆ ನೀರು ಬಿಡುವ ಹೊತ್ತಿಗೇ ಅವರ ಜೊತೆ ಹೋಗುವುದು. ಅವರು ಯಾವ ವಾಲ್ವ್ ತಿರುಗಿಸುತ್ತಾರೋ ಅದು ಚಾಲ್ತಿಯಲ್ಲಿದೆ, ಎಷ್ಟು ಸುತ್ತು ತಿರುಗಿಸಿದರು, ಯಾವ ಬೀದಿಗೆ ನೀರು ಹೋಯಿತು, ಬರೆದುಕೊಳ್ಳುವುದು. ಆಫೀಸಿಗೆ ಕರೆಸಿ ಕೂರಿಸಿ ಕೇಳಿದರೆ ಇದರ ಕಾಲು ಭಾಗವೂ ಬರುವುದಿಲ್ಲ. ಜಾಗ ನೋಡಿದರೇ ನೆನಪು ಬರುವುದು.

ಫೋನಿನಲ್ಲಿ ಜಾಗ ಹಿಡಿಯಲು ಕ್ಯೂಫೀಲ್ಡ್ ಆ್ಯಪ್ ಒಳ್ಳೆಯದು, ಕ್ಯೂಜಿಐಎಸ್ ಪ್ರಾಜೆಕ್ಟನ್ನೇ ಜೇಬಿನಲ್ಲಿ ಇಟ್ಟುಕೊಂಡು ಹೋದ ಹಾಗೆ. ಆದರೆ ಫೋನಿನ ಜಿಪಿಎಸ್ ಮೇಲೆ ಜಾಸ್ತಿ ನಂಬಿಕೆ ಬೇಡ. ಬಯಲಿನಲ್ಲಿ ಸುಮಾರು 5 ಮೀಟರ್ ಆಚೀಚೆ. ಹುಣಸೆ ಮರದ ಕೆಳಗೆ, ಎರಡು ಮಹಡಿ ಮನೆಗಳ ಸಂದಿಯಲ್ಲಿ ಇನ್ನೂ ಜಾಸ್ತಿ. ನಮ್ಮ ಬೀದಿಯೇ 5 ಮೀಟರ್ ಅಗಲ. ಅಂದರೆ ವಾಲ್ವ್ ರಸ್ತೆಯ ಯಾವ ಮಗ್ಗುಲಲ್ಲಿದೆ ಅಂತಲೂ ಅದು ಹೇಳಲಾರದು.

ಅದಕ್ಕೆ ಹಳೆಯ ಉಪಾಯವೇ ಒಳ್ಳೆಯದು, ಟೇಪು. ಅಲುಗಾಡದ ಎರಡು ಗುರುತು ಹಿಡಿಯಿರಿ: ದೇವಸ್ಥಾನದ ಮೂಲೆ, ಟ್ರಾನ್ಸ್‌ಫಾರ್ಮರ್ ಕಂಬ. ಎರಡರಿಂದಲೂ ದೂರ ಅಳೆದು ಬರೆಯಿರಿ. ಆಫೀಸಿಗೆ ಬಂದು ಆ ಎರಡು ಗುರುತಿನಿಂದ ವೃತ್ತ ಎಳೆದರೆ ಅವು ಎರಡು ಕಡೆ ಕೂಡುತ್ತವೆ. ರಸ್ತೆಯ ಯಾವ ಮಗ್ಗುಲು ಅಂತ ಬರೆದುಕೊಂಡಿದ್ದರೆ ಸರಿಯಾದದ್ದು ಯಾವುದೆಂದು ತಿಳಿಯುತ್ತದೆ. ಮೇಲೆ ಡಾಂಬರು ಹಾಕಿದರೂ ಈ ಅಳತೆ ಹಿಡಿದು ಅಗೆದು ತೆಗೆಯಬಹುದು. ಸೆಂಟಿಮೀಟರ್ ನಿಖರತೆ ಬೇಕೇ ಬೇಕು ಅಂದರೆ ಆರ್‌ಟಿಕೆ ಅನ್ನುವ ಬಹಳ ನಿಖರವಾದ ಜಿಪಿಎಸ್ ಯಂತ್ರ ತರಿಸಬೇಕು. ವಾಲ್ವ್ ಹುಡುಕುವುದಕ್ಕೆ ಅಷ್ಟೆಲ್ಲ ಬೇಡ ಅನ್ನುವುದು ನನ್ನ ಅಭಿಪ್ರಾಯ.

ತಿದ್ದುವಾಗ

ಎಡಿಟ್ ಶುರು ಮಾಡುವ ಮುಂಚೆ ಸ್ನ್ಯಾಪಿಂಗ್ (ಗೆರೆಯ ತುದಿ ಹತ್ತಿರದ ಬಿಂದುವಿಗೆ ತಾನಾಗಿ ಅಂಟುವ ಸೌಲಭ್ಯ) ಆನ್ ಮಾಡಿ. ಮಾಡದಿದ್ದರೆ ಪೈಪಿನ ಗೆರೆ ವಾಲ್ವ್‌ಗೆ ತಾಗಿದ ಹಾಗೆ ಕಾಣುತ್ತದೆ, ಜೂಮ್ ಮಾಡಿದರೆ ಅಂಗೈ ಅಗಲ ಸಂದು. ‘ಈ ವಾಲ್ವ್ ಮುಚ್ಚಿದರೆ ಯಾವ ಬೀದಿಗೆ ನೀರಿಲ್ಲ’ ಅಂತ ಲೆಕ್ಕ ಹಾಕಿಸಿದರೆ ಕಂಪ್ಯೂಟರ್ ಆ ಸಂದಿನಲ್ಲೇ ನಿಂತುಬಿಡುತ್ತದೆ.

ಗೆರೆ, ಆಕಾರಗಳು ಸರಿಯಾಗಿ ಕೂಡಿವೆಯಾ ಅಂತ ನೋಡುವ ಟೊಪಾಲಜಿ ಚೆಕರನ್ನು ವಾರಕ್ಕೊಮ್ಮೆ ಓಡಿಸಿ. ವಾರ್ಡ್ ಪಾಲಿಗನ್‌ಗಳಿಗೆ ಎರಡು ನಿಯಮ: ಒಂದರ ಮೇಲೊಂದು ಹತ್ತಬಾರದು, ಮಧ್ಯೆ ಖಾಲಿ ಬಿಡಬಾರದು. ಪೈಪ್‌ಲೈನ್‌ಗೆ: ತುದಿ ಗಾಳಿಯಲ್ಲಿ ನೇತಾಡಬಾರದು. ಆದರೆ ಕಂಪ್ಯೂಟರ್ ತೋರಿಸಿದ್ದೆಲ್ಲ ತಪ್ಪಲ್ಲ. ಬೀದಿಯ ಕೊನೆ ಮನೆಯ ಹತ್ತಿರ ಪೈಪ್ ನಿಜವಾಗಿಯೂ ಮುಗಿಯುತ್ತದೆ, ಅಲ್ಲಿ ಎಂಡ್ ಕ್ಯಾಪ್ ಹಾಕಿರುತ್ತಾರೆ. ಅದನ್ನೂ ಒಂದು ಪಾಯಿಂಟ್ ಮಾಡಿಟ್ಟರೆ ಯಾವುದು ನಿಜವಾದ ತುದಿ, ಯಾವುದು ಕೈತಪ್ಪು ಅಂತ ಮುಂದಿನ ಸಲ ಗೊತ್ತಾಗುತ್ತದೆ.

ಜಮೀನಿನ ಗಡಿಗಳನ್ನು ಮಾತ್ರ ನಿಮ್ಮಷ್ಟಕ್ಕೆ ತಿದ್ದಲು ಹೋಗಬೇಡಿ. ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ನೋಡುವುದು ಬಹಳ ಅನುಕೂಲ, ಎಲ್ಲರೂ ನೋಡುತ್ತಾರೆ. ಆದರೆ ಗಡಿ ತಕರಾರು ಬಂದರೆ ಪರದೆಯ ಗೆರೆ ನಿಲ್ಲುವುದಿಲ್ಲ, ಸರ್ವೆಯರ್ ಬಂದು ಹದ್ದುಬಸ್ತು ಮಾಡಬೇಕು. ಪೈಪ್ ಸರಿಯಾಗಿ ಕಾಣಲಿ ಅಂತ ಅಕ್ಕಪಕ್ಕದ ಸರ್ವೆ ನಂಬರಿನ ಗೆರೆ ಎಳೆದಾಡಿದರೆ ಊರಿನ ಜಗಳವನ್ನು ನೀವೇ ಮೈಮೇಲೆ ಹಾಕಿಕೊಂಡ ಹಾಗೆ.

ಅಳಿಸಬೇಡಿ, ಮುಕ್ತಾಯ ಬರೆಯಿರಿ

ಮುಚ್ಚಿಹೋದ ವಾಲ್ವನ್ನು ಡಿಲೀಟ್ ಮಾಡಬೇಡಿ. ‘ಎಂದಿನಿಂದ’, ‘ಎಂದಿನವರೆಗೆ’ ಅಂತ ಎರಡು ದಿನಾಂಕದ ಕಾಲಂ ಇಡಿ. ಹೋದದ್ದಕ್ಕೆ ಎರಡನೆಯದನ್ನು ತುಂಬಿ, ನಕ್ಷೆಯಲ್ಲಿ ಕಾಣದಂತೆ ಫಿಲ್ಟರ್ ಹಾಕಿ.

ಇದರ ಬೆಲೆ ಬೆಂಗಳೂರಿನ ವಾರ್ಡ್ ಡೇಟಾ ಮುಟ್ಟಿದವರಿಗೆ ಗೊತ್ತು. ಅಲ್ಲಿ ಮೊದಲು 198 ವಾರ್ಡ್ ಇದ್ದವು. 2022ರಲ್ಲಿ 243 ಅಂತ ವಿಂಗಡಿಸಿದರು, 2023ರಲ್ಲಿ ಅದು 225 ಆಯಿತು, 2025ರಲ್ಲಿ ನಗರವನ್ನೇ ಐದು ಪಾಲಿಕೆ ಮಾಡಿದರು. ‘ವಾರ್ಡ್ 100’ ಅಂದರೆ ಎಲ್ಲಿ? ಯಾವ ವರ್ಷದ್ದು ಅಂತ ಹೇಳದೆ ಅದಕ್ಕೆ ಉತ್ತರವೇ ಇಲ್ಲ. ಹಳೆಯ ಗಡಿಯ ಮೇಲೆ ಹೊಸದನ್ನು ಬರೆದುಬಿಟ್ಟಿದ್ದರೆ ಹಿಂದಿನ ವರ್ಷಗಳ ಲೆಕ್ಕವನ್ನು ಮತ್ತೆ ತೆಗೆಯುವ ಹಾಗೇ ಇಲ್ಲ.

ಒಬ್ಬರಿಗಿಂತ ಜಾಸ್ತಿ ಇದ್ದರೆ

ನೆಟ್‌ವರ್ಕ್ ಫೋಲ್ಡರಿನಲ್ಲಿ ಒಂದೇ ಜಿಯೋಪ್ಯಾಕೇಜ್ ಇಟ್ಟು ಇಬ್ಬರು ಒಟ್ಟಿಗೆ ತಿದ್ದಬಾರದು. ಜನ ಜಾಸ್ತಿ ಇದ್ದರೆ ಹಲವರು ಒಟ್ಟಿಗೆ ತಿದ್ದಬಹುದಾದ ಪೋಸ್ಟ್‌ಜಿಐಎಸ್ ಡೇಟಾಬೇಸ್ ಹಾಕಿಸಿ. ಅದನ್ನು ನೋಡಿಕೊಳ್ಳುವವರು ಇಲ್ಲದಿದ್ದರೆ ಸರಳ ಉಪಾಯ: ತಿದ್ದುವವರು ಒಬ್ಬರೇ, ಉಳಿದವರು ನೋಡುವವರು. ಬದಲಾವಣೆ ಬೇಕಾದವರು ಒಂದು ರಿಜಿಸ್ಟರಿನಲ್ಲಿ ಬರೆಯಲಿ. ನಮ್ಮಲ್ಲಿ ಅದಕ್ಕೆ ಉದ್ದನೆಯ ಲೆಡ್ಜರ್ ಪುಸ್ತಕ ಇಟ್ಟಿದ್ದೆ: ದಿನಾಂಕ, ಐಡಿ, ಏನು ಬದಲಾಯಿತು, ಯಾರು ಹೇಳಿದರು. ಕರೆಂಟ್ ಹೋದರೂ ಓದಬಹುದು.

ಪ್ರತಿ ಶುಕ್ರವಾರ ಸಂಜೆ ದಿನಾಂಕ ಸೇರಿಸಿ ಒಂದು ಪ್ರತಿ, ವರ್ಷ ಮೊದಲು, ಆಮೇಲೆ ತಿಂಗಳು, ದಿನ. ಹಾಗೆ ಬರೆದರೆ ಫೋಲ್ಡರಿನಲ್ಲಿ ತಾನಾಗಿಯೇ ಸಾಲಾಗಿ ನಿಲ್ಲುತ್ತವೆ. ‘ಫೈನಲ್’ ಅನ್ನುವ ಪದ ಫೈಲಿನ ಹೆಸರಿನಲ್ಲಿ ಬೇಡವೇ ಬೇಡ. ಒಂದು ಪ್ರತಿ ಆಫೀಸಿನ ಹೊರಗೂ ಇರಲಿ. ಮೂರು ತಿಂಗಳಿಗೊಮ್ಮೆ ಹಳೆಯ ಬ್ಯಾಕಪ್ ತೆರೆದು ನೋಡಿ. ತೆರೆಯದ ಬ್ಯಾಕಪ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಕೊನೆಯದು, ಪ್ರಿಂಟು. ನೀರಿನ ನಕ್ಷೆಯನ್ನು ಎ3 ಹಾಳೆಯಲ್ಲಿ ಮುದ್ರಿಸಿ ಪಂಪ್‌ಹೌಸ್ ಗೋಡೆಗೆ ಅಂಟಿಸಿದೆ, ಪಕ್ಕದಲ್ಲಿ ದಾರ ಕಟ್ಟಿ ಒಂದು ಕೆಂಪು ಪೆನ್ನು ನೇತುಹಾಕಿದೆ. ಮೊದಲ ತಿಂಗಳು ಯಾರೂ ಮುಟ್ಟಲಿಲ್ಲ. ಎರಡನೇ ತಿಂಗಳು ಹೋಗಿ ನೋಡಿದರೆ ಒಂದು ವಾಲ್ವ್ ಮೇಲೆ ಅಡ್ಡಗೆರೆ, ಪಕ್ಕದಲ್ಲಿ ‘ಇಲ್ಲ’ ಅಂತ. ಇನ್ನೊಂದು ಕಡೆ ಹೊಸ ಸುತ್ತು. ಹಾಳೆ ಕಿತ್ತು ತಂದು, ಬೆಳಿಗ್ಗೆ ಜಾಗಕ್ಕೆ ಹೋಗಿ ನೋಡಿ, ತಿದ್ದಿ, ಲೆಡ್ಜರಿನಲ್ಲಿ ಬರೆದು, ಹೊಸ ಹಾಳೆ ಅಂಟಿಸಿ ಬಂದೆ. ಅಲ್ಲಿಂದ ತಿಂಗಳ ಕೊನೆಯ ಶನಿವಾರ ಇದೇ ಕೆಲಸ. ಪೆನ್ನು ಮಾತ್ರ ಎರಡು ಸಲ ಕಳವಾಗಿದೆ.